ಹುಟ್ಟುವ ಮೊದಲೇ ಆಡಲು ಬಂದ ಅವಳಿಗಳು

ಏಳನೇ ತಾರೀಖು, ಗುರುವಾರ
ಹಾಲಿನ ಡೈರಿಯಲ್ಲಿ, ಊಟದ ಬಿಡುವು

ರೀ,

ಹೀಗೆ ಕರೆದು ಹದಿನಾರು ತಿಂಗಳಾಯಿತು. ‘ಮಗಳ ತಂದೆಯವರಿಗೆ’ ಎಂದು ಶುರು ಮಾಡಿದ ಹಾಳೆ ಕಸದ ಬುಟ್ಟಿಯಲ್ಲಿದೆ. ಓದಿದರೆ ಶಾಲೆಯಿಂದ ಬಂದ ನೋಟಿಸಿನ ಹಾಗಿತ್ತು. ಅದಕ್ಕೆ ಹಳೆಯದನ್ನೇ ಬರೆದಿದ್ದೇನೆ. ಇಷ್ಟವಾಗದಿದ್ದರೆ ಆ ಒಂದು ಅಕ್ಷರಕ್ಕೆ ಗೀಟು ಹಾಕಿ ಮಿಕ್ಕದ್ದನ್ನು ಓದಿ.

ಮೊದಲು ಮಗಳ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀವು ಅದನ್ನೇ ಹುಡುಕುತ್ತ ಸಾಲು ಹಾರಿಸಿಕೊಂಡು ಓದುತ್ತೀರಿ. ಬಟಾಣಿ ಚೆನ್ನಾಗಿದ್ದಾಳೆ. ಸೋಮವಾರದ ರಕ್ತಪರೀಕ್ಷೆಯಲ್ಲಿ ಬಿಳಿಕಣ, ಕೆಂಪುಕಣ ಎಲ್ಲವೂ ಇರಬೇಕಾದಷ್ಟು ಇವೆ. ಮುಂದಿನ ಬುಧವಾರ, ಹದಿಮೂರಕ್ಕೆ, ಕೊನೆಯ ಮಾತ್ರೆ. ಎರಡೂವರೆ ವರ್ಷ ನುಂಗಿದ ಮಾತ್ರೆಗಳಲ್ಲಿ ಕೊನೆಯದು. ಆಮೇಲೆ ತಿಂಗಳಿಗೊಮ್ಮೆ ರಕ್ತ ಕೊಟ್ಟು ಬಂದರಾಯಿತು. “ಪೂರ್ತಿ ವಾಸಿ ಅನ್ನೋಕೆ ಇನ್ನೂ ಕೆಲವು ವರ್ಷ ಕಾಯಬೇಕು, ಆದ್ರೆ ನಾನಂತೂ ನೆಮ್ಮದಿಯಾಗಿದೀನಿ” ಎಂದರು ದೊಡ್ಡ ಡಾಕ್ಟರು. ಅವರು ನೆಮ್ಮದಿಯಾಗಿದ್ದಾರೆಂದು ನಾನೂ ಅರ್ಧ ನೆಮ್ಮದಿಯಾಗಿದ್ದೇನೆ. ಪೂರ್ತಿ ನೆಮ್ಮದಿ ನನ್ನ ಜಾಯಮಾನವಲ್ಲ, ನಿಮಗೆ ಗೊತ್ತು. ಕೂದಲು ಕಿವಿ ಮುಚ್ಚುವಷ್ಟು ಬಂದಿದೆ, ಅದೂ ನಿಮ್ಮ ಹಾಗೆ ಗುಂಗುರು. ಮುಂದಿನ ಎರಡು ಹಲ್ಲು ಬಿದ್ದಿವೆ. ಸಕಾರ ಬಂದರೆ ಸಾಕು, ಎದುರಿಗಿದ್ದವರ ಮುಖಕ್ಕೆ ಗಾಳಿ ಬೀಸುತ್ತದೆ.

ಬುಧವಾರ ನೀವು ಬರಬೇಕು. ಗೇಟಿನವರೆಗಲ್ಲ, ಮನೆಯೊಳಗೆ. ಇದನ್ನು ಕೇಳುವುದಕ್ಕೇ ಈ ಕಾಗದ. ಆದರೆ ಕೇಳುವ ಹಕ್ಕು ನನಗಿದೆಯೋ ಇಲ್ಲವೋ ನೀವು ತೀರ್ಮಾನಿಸುವ ಮೊದಲು ಕೆಲವು ವಿಷಯ ಒಪ್ಪಿಕೊಳ್ಳಬೇಕು. ನಿಮಗೆ ಗೊತ್ತಿರುವುದನ್ನೂ ಮೊದಲಿನಿಂದ ಬರೆಯುತ್ತೇನೆ. ತಪ್ಪೊಪ್ಪಿಗೆಯನ್ನು ನಡುವಿನಿಂದ ಶುರು ಮಾಡಿದರೆ ಬೇಕಾದದ್ದನ್ನು ಬಿಟ್ಟುಬಿಡುವ ಆಸೆಯಾಗುತ್ತದೆ.

ಹೋದ ವರ್ಷ ಒಂದು ಫಾರಂ ಬಂದಿತ್ತಲ್ಲ, ಇಪ್ಪತ್ತನಾಲ್ಕು ಪುಟದ್ದು? ಮಕ್ಕಳಿಗೆ ರಕ್ತದ ಕ್ಯಾನ್ಸರ್ ಯಾಕೆ ಬರುತ್ತದೆಂದು ಹುಡುಕುವ ಸಂಶೋಧನೆಯವರದು. ನನ್ನದನ್ನು ಒಬ್ಬ ಹೆಂಗಸು ಮನೆಗೇ ತಂದು ಎದುರು ಕೂತು ತುಂಬಿಸಿಕೊಂಡು ಹೋದರು. ನಿಮ್ಮದನ್ನು ನೀವು ಈಗಿರುವ ಊರಿಗೆ ಅಂಚೆಯಲ್ಲಿ ಕಳಿಸಿದ್ದರು. ಬಟಾಣಿ ಅವರಿಗೆ ಪ್ರಶ್ನೆ ಮೇಡಂ ಎಂದು ಹೆಸರಿಟ್ಟಿದ್ದಾಳೆ. ಬಸುರಿಯಾಗಿದ್ದಾಗ ಮನೆಗೆ ಬಣ್ಣ ಹೊಡೆಸಿದ್ದೀರಾ, ಎಷ್ಟು ಸಲ ಎಕ್ಸ್‌ರೇ ಆಯಿತು, ಜಿರಳೆಗೆ ಯಾವ ಔಷಧಿ, ಹತ್ತಿರದಲ್ಲಿ ಪೆಟ್ರೋಲ್ ಬಂಕ್ ಇದೆಯೇ. ಮದುವೆಗೆ ಹೆಣ್ಣು ನೋಡಲು ಬಂದವರೂ ಇಷ್ಟು ಕೇಳುವುದಿಲ್ಲ.

ಅದರಲ್ಲಿ ಎಂಬತ್ತೆಂಟನೇ ಪ್ರಶ್ನೆ ನಿಮಗೆ ನೆನಪಿದೆಯೇ? ನೆನಪಿದೆ. ನನಗೆ ಈಗ ಚೆನ್ನಾಗಿ ಗೊತ್ತು, ನಿಮಗೆ ನೆನಪಿದೆ. ‘ಹುಟ್ಟಿದ ಮೊದಲ ಹನ್ನೆರಡು ತಿಂಗಳಲ್ಲಿ ನಿಮ್ಮ ಮಗುವಿಗೆ ಬೇರೆ ಮಕ್ಕಳ ಒಡನಾಟ ಇತ್ತೇ? ಇದ್ದರೆ ಯಾರು, ವಾರಕ್ಕೆ ಎಷ್ಟು ದಿನ?’

ನಾನು ಬರೆದದ್ದು: ಇತ್ತು. ಮೂರನೇ ಮನೆಯ ಟೈಲರ್ ಅವರ ಅವಳಿ ಮಕ್ಕಳು. ದಿನಾ.

ಇದು ಸುಳ್ಳೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಆ ವರ್ಷ ನಮ್ಮ ಮನೆಗೆ ಒಂದು ಮಗುವೂ ಕಾಲಿಡಲಿಲ್ಲ, ನಾನು ಇಡಗೊಡಲಿಲ್ಲ. ಹುಟ್ಟಿದಾಗ ಎರಡು ಕಿಲೋ ಕೂಡ ಇರಲಿಲ್ಲ ಅವಳು. ನೀವು ಅಂಗೈ ಮೇಲೆ ಇಟ್ಟುಕೊಂಡು “ಬಟಾಣಿ ಕಾಳಿನಷ್ಟಿದೆಯಲ್ಲೇ” ಎಂದು ನಕ್ಕಿರಿ, ನನಗೆ ಅಳು ಬಂತು. ಆವತ್ತೇ ತೀರ್ಮಾನಿಸಿದೆ, ಇದನ್ನು ನನ್ನ ಲ್ಯಾಬಿನ ಹಾಗೆ ಕಾಯುತ್ತೇನೆ ಎಂದು. ಇಲ್ಲಿ ಟ್ಯಾಂಕರ್ ಬಂದರೆ ಮೊಣಕೈವರೆಗೆ ಸೋಪು ಹಚ್ಚಿ, ತಲೆಗೆ ಟೋಪಿ ಹಾಕಿ, ಗಾಜಿನ ಕೊಳವೆಗಳನ್ನು ಕುದಿಸಿ ಆರಿಸಿ ಹಾಲು ಪರೀಕ್ಷಿಸುತ್ತೇನೆ. ಕ್ರಿಮಿ ಹೆಚ್ಚು ಕಂಡರೆ ಇಡೀ ಟ್ಯಾಂಕರ್ ವಾಪಸ್. ಮನೆಯಲ್ಲೂ ಅದೇ ಕಾನೂನು ತಂದೆ. ಬಾಗಿಲ ಬಳಿ ಬೋಗುಣಿ, ಸೋಪು, ಟವೆಲು. ಕೆಮ್ಮಿದವರು ಅಂಗಳದಲ್ಲೇ ನಿಲ್ಲಬೇಕು. ಅತ್ತೆ ಅಷ್ಟು ದೂರದಿಂದ ಬಂದವರು ಮೊಮ್ಮಗಳನ್ನು ಕಿಟಕಿಯ ಸರಳಿನಾಚೆಯಿಂದ ನೋಡಿ, “ಬ್ಯಾಂಕಿನ ಕೌಂಟರಲ್ಲಿ ಕೂರಿಸಿದೀಯಲ್ಲೇ ಮಗೂನ” ಎಂದು ಹೇಳಿ ಹೋದರು. ನೀವು ನನ್ನನ್ನು ಲ್ಯಾಬ್ ಮೇಡಂ ಎಂದು ಕರೆಯಲು ಶುರು ಮಾಡಿದ್ದು ಆಗಲೇ. ನೀವು ಹೇಳಿದಿರಿ, ಒಂದಲ್ಲ ಹತ್ತು ಸಲ: ಅಕ್ಕಪಕ್ಕದ ಮಕ್ಕಳ ಜೊತೆ ಬಿಡು, ಮಣ್ಣು ಮುಟ್ಟಲಿ, ಸೀನಲಿ. ಕಿವಿಗೇ ಹಾಕಿಕೊಳ್ಳಲಿಲ್ಲ ನಾನು. ಮೊದಲ ವರ್ಷ ಅವಳಿಗೆ ಒಂದೇ ಒಂದು ನೆಗಡಿಯೂ ಬರಲಿಲ್ಲವೆಂದು ಡೈರಿಯಲ್ಲಿ ಎಲ್ಲರ ಮುಂದೆ ಹೇಳಿಕೊಂಡು ಓಡಾಡಿದ್ದೆ.

ಮೂರು ತುಂಬಿ ಶಿಶುವಿಹಾರಕ್ಕೆ ಸೇರಿದಳು. ಆರು ತಿಂಗಳಲ್ಲಿ ಐದು ನೆಗಡಿ, ಕೊನೆಗೊಂದು ಎರಡು ವಾರದ ಜ್ವರ. ಅದು ಇಳಿದ ಮೇಲೆ ಕಾಲುನೋವು ಎಂದಳು, ಎಲ್ಲೂ ಬೀಳದಿದ್ದರೂ ಮೊಣಕಾಲ ಕೆಳಗೆ ನೀಲಿ ಕಲೆಗಳು ಕಂಡವು, ಮುಖ ಬಿಳಿಚಿಕೊಂಡಿತು. ಮಿಕ್ಕದ್ದನ್ನು ನಾವಿಬ್ಬರೂ ಒಟ್ಟಿಗೇ ಕೇಳಿದೆವು, ಆಸ್ಪತ್ರೆಯ ಆ ಹಸಿರು ಕುರ್ಚಿಗಳ ಮೇಲೆ ಕೂತು.

ಈಗ ಮುಖ್ಯವಾದದ್ದು. ನೀವು ಮನೆ ಬಿಟ್ಟು ಹೋದ ದಿನದ ಮಧ್ಯಾಹ್ನ ಆಸ್ಪತ್ರೆಯ ವರಾಂಡದಲ್ಲಿ ನಾನು ಬಾಯಿಗೆ ಬಂದದ್ದನ್ನೆಲ್ಲ ಅಂದೆನಲ್ಲ. ಪಾಲಿಶಿಗೆ ಬೆರೆಸುವ ನಿಮ್ಮ ಥಿನ್ನರಿನ ವಾಸನೆಯೇ ನನ್ನ ಮಗುವಿನ ಮೂಳೆಗೆ ಇಳಿದದ್ದು, ನಿಮ್ಮ ಮರದ ಪಾಲಿಶ್ ಅಂಗಡಿಯೇ ಈ ಕಾಯಿಲೆಯನ್ನು ಮನೆಗೆ ತಂದದ್ದು ಎಂದು. ನೀವು ಊಟದ ಡಬ್ಬಿ ಹಿಡಿದುಕೊಂಡು ನಿಂತಿದ್ದಿರಿ. ಡಬ್ಬಿಯನ್ನು ಬೆಂಚಿನ ಮೇಲೆ ಇಟ್ಟು ಹೋದಿರಿ. ನಿಮಗೆ ಗೊತ್ತಿಲ್ಲದ್ದು ಇದು: ನೀವು ಬರುವ ಅರ್ಧ ಗಂಟೆ ಮೊದಲು ನಾನು ಆ ಬೆಂಚಿನ ಮೇಲೆ ಒಂದು ಕರಪತ್ರ ಓದಿದ್ದೆ. ಈ ಕಾಯಿಲೆಗೆ ಕಾರಣ ಇನ್ನೂ ಗೊತ್ತಿಲ್ಲ. ವಿಕಿರಣ, ಕೆಲವು ರಾಸಾಯನಿಕಗಳ ಬಗ್ಗೆ ಅನುಮಾನವಿದೆ. ಹಾಗೆಯೇ ಮೊದಲ ವರ್ಷ ಸಣ್ಣಪುಟ್ಟ ಸೋಂಕು ತಾಗದೆ ಬೆಳೆದ ಕೆಲವು ಮಕ್ಕಳ ದೇಹ, ಮುಂದೆ ಸೋಂಕು ತಾಗಿದಾಗ ದಾರಿ ತಪ್ಪಿ ವರ್ತಿಸುತ್ತದೆಯೇನೋ ಎಂಬ ಊಹೆಯೂ ಇದೆ ಎಂದಿತ್ತು. ಹನ್ನೊಂದು ವರ್ಷ ಹಾಲಿನ ಜೊತೆ ಕೆಲಸ ಮಾಡಿದವಳು ನಾನು. ಕಾಯಿಸಿದ ಹಾಲಿಗೆ ಸಮಯಕ್ಕೆ ಹೆಪ್ಪು ಬಿದ್ದರೆ ಅದು ತನ್ನನ್ನು ತಾನು ನೋಡಿಕೊಳ್ಳುತ್ತದೆ, ಬೀಳದೆ ಕೂತರೆ ಆಮೇಲೆ ಬಿದ್ದದ್ದರದೇ ದರ್ಬಾರು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆ ಕಾಗದವನ್ನು ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಕೂತೆ. ನೀವು ಮೆಟ್ಟಿಲು ಹತ್ತಿ ಬಂದಿರಿ. ‘ರಾಸಾಯನಿಕ’ ಎಂಬ ಪದವೊಂದನ್ನು ನಿಮ್ಮ ಮೇಲೆ ಎಸೆದೆ, ಇನ್ನೊಂದನ್ನು ಅಡಿಯಲ್ಲೇ ಇಟ್ಟುಕೊಂಡೆ.

ಅವತ್ತಿನಿಂದ ನೀವು ಬೇರೆ ಊರಲ್ಲಿದ್ದೀರಿ. ನೀವು ಪಾಲಿಶ್ ಮಾಡಿದ ಮೇಜಿನಲ್ಲಿ ಮುಖ ನೋಡಿ ತಲೆ ಬಾಚಿಕೊಳ್ಳಬಹುದು ಎನ್ನುತ್ತಿದ್ದರು ಜನ. ಅಂಥ ಕೆಲಸಗಾರ ಡಬ್ಬಿ, ಬ್ರಷ್ ಎಲ್ಲ ಯಾರಿಗೋ ಕೊಟ್ಟು, ದಿನವಿಡೀ ಮರಕ್ಕೆ ಬರೀ ಉಪ್ಪುಕಾಗದ ಉಜ್ಜುತ್ತ ಕೂತಿದ್ದೀರಂತೆ. ತಿಂಗಳಿಗೊಮ್ಮೆ ಬರುತ್ತೀರಿ, ಹೊಸ ಅಂಗಿ ಹಾಕಿಕೊಂಡು, ತಲೆಯಿಂದ ನೀರು ತೊಟ್ಟಿಕ್ಕುವ ಹಾಗೆ ಸ್ನಾನ ಮಾಡಿಕೊಂಡು. ಗೇಟಿನ ಆಚೆ ನಿಂತು ಮರದ ಆನೆ, ಮರದ ಬಸ್ಸು ಕೊಟ್ಟು ಹೋಗುತ್ತೀರಿ. ಒಂದಕ್ಕೂ ಬಣ್ಣವಿಲ್ಲ, ಹೊಳಪಿಲ್ಲ, ಬರೀ ಮರ, ಮಗುವಿನ ಕೆನ್ನೆಯಷ್ಟು ನುಣುಪು. ಪ್ರತಿ ಸಲವೂ ನಾನು ಕಿಟಕಿಯ ಸರಳಿನ ಈಚೆಯಿಂದ ನೋಡಿದ್ದೇನೆ. ಅತ್ತೆ ಹೇಳಿದ ಕೌಂಟರಿನಲ್ಲಿ ಈಗ ನಾನು ಕೂತಿದ್ದೇನೆ.

ಇನ್ನು ಹೋದ ಶನಿವಾರದ ಕಥೆ. ಪ್ರಶ್ನೆ ಮೇಡಂ ಮತ್ತೆ ಬಂದರು, ಮುಂಚೆ ತಿಳಿಸದೆ. ಬಟಾಣಿ ಅವರ ಬ್ಯಾಗು ಹಿಡಿದುಕೊಂಡು ಒಳಗೆ ಕರೆತಂದಳು. ಮೇಜಿನ ಮೇಲೆ ಎರಡು ಫಾರಂ ಪಕ್ಕಪಕ್ಕ ಇಟ್ಟರು, ನನ್ನದು, ನಿಮ್ಮದು. ಎಂಬತ್ತೆಂಟನೇ ಪ್ರಶ್ನೆಯ ಮೇಲೆ ಬೆರಳಿಟ್ಟು ಸಮಾಧಾನವಾಗಿಯೇ ಕೇಳಿದರು: “ಇಬ್ರೂ ಟೈಲರ್ ಮನೆ ಅವಳಿಗಳು ದಿನಾ ಆಡೋಕೆ ಬರ್ತಿದ್ರು ಅಂತ ಬರ್ದಿದೀರ. ಆ ಮಕ್ಕಳು ನಿಮ್ಮ ಮಗಳಿಗಿಂತ ಒಂದು ವರ್ಷ ಎಂಟು ತಿಂಗಳು ಚಿಕ್ಕೋರು. ನೀವು ಹೇಳೋ ಟೈಮಲ್ಲಿ ಅವರ ಅಮ್ಮನಿಗೇ ಇನ್ನೂ ಸುದ್ದಿ ಗೊತ್ತಿರಲಿಲ್ಲ. ಹುಟ್ಟೋಕೆ ಮುಂಚೇನೇ ಅವರು ಹೇಗೆ ಬಂದ್ರು?”

ಸಿಕ್ಕಿಬಿದ್ದದ್ದು ಹೇಗೆ ಗೊತ್ತೇ? ಕಾಯಿಲೆ ಬಂದ ಮನೆಯ ಜೊತೆ ಹೋಲಿಸಿ ನೋಡಲು ಅದೇ ಬೀದಿಯ ಆರೋಗ್ಯವಂತ ಮಕ್ಕಳ ಮನೆಗೂ ಇವರು ಹೋಗಿ ಇದೇ ಫಾರಂ ತುಂಬಿಸುತ್ತಾರಂತೆ. ನಮ್ಮ ಬೀದಿಯಲ್ಲಿ ಆಯ್ಕೆಯಾದದ್ದು ಟೈಲರ್ ಮನೆ. ಅವರ ಹೆಂಡತಿ ಈ ವಿಷಯವನ್ನು ಬಹುಮಾನ ಬಂದ ಹಾಗೆ ನನಗೇ ಹೇಳಿದ್ದರು, ನನ್ನ ಮಂದಬುದ್ಧಿಗೆ ಹೊಳೆದಿರಲಿಲ್ಲ.

ನಾನು ಸುಳ್ಳು ಬರೆದದ್ದು ಸರಿ, ಹೆದರಿಕೊಂಡು ಬರೆದೆ. ನೀವ್ಯಾಕೆ ಬರೆದಿರಿ? ಫಾರಂ ತುಂಬುವಾಗ ನಮ್ಮಿಬ್ಬರ ನಡುವೆ ನಾಲ್ಕು ತಿಂಗಳಿಂದ ಮಾತಿರಲಿಲ್ಲ. ಎಷ್ಟೋ ಮೈಲಿ ದೂರದಲ್ಲಿ ಕೂತು, ಇಡೀ ಬೀದಿಯಲ್ಲಿ ಇರುವ ಅಷ್ಟೂ ಮಕ್ಕಳಲ್ಲಿ ಆ ಎರಡನ್ನೇ ಆರಿಸಿದಿರಿ. ಆಮೇಲೆ ಅರ್ಥವಾಯಿತು. ನೆಗಡಿ ಎಂದರೆ ನಮ್ಮ ಬೀದಿಯವರಿಗೆ ಕಣ್ಣ ಮುಂದೆ ಬರುವುದು ಟೈಲರ್ ಅವಳಿಗಳ ಮೂಗುಗಳೇ. ಅವು ಹುಟ್ಟಿದ ಇಸವಿ ಯಾರು ನೆನಪಿಟ್ಟುಕೊಳ್ಳುತ್ತಾರೆ. ಸುಳ್ಳು ಹೇಳಬೇಕಾದರೂ ನಾವಿಬ್ಬರೂ ಒಂದೇ ಸುಳ್ಳು ಹೇಳಿದೆವಲ್ಲ ಎಂದು ನನಗೆ ನಗು ಬಂತು. ಜೊತೆಯಲ್ಲೇ ಅಳುವೂ ಬಂತು, ಪ್ರಶ್ನೆ ಮೇಡಂ ತಮ್ಮ ಕರವಸ್ತ್ರ ಕೊಟ್ಟರು.

ಅಂದರೆ ಆ ಪ್ರಶ್ನೆ ಯಾಕೆ ಕೇಳುತ್ತಾರೆಂದು ನಿಮಗೆ ಗೊತ್ತಿತ್ತು. ಆ ಕರಪತ್ರವನ್ನು ನೀವೂ ಓದಿದ್ದಿರಿ. ಗೋಡೆಯ ಮೇಲೆ ಅಂಟಿಸಿದ್ದನ್ನೆಲ್ಲ ಬಿಡದೆ ಓದುವ ಮನುಷ್ಯ ನೀವು, ಬಹುಶಃ ನನಗಿಂತ ವಾರ ಮೊದಲೇ ಓದಿರುತ್ತೀರಿ. ಆ ವರಾಂಡದಲ್ಲಿ ನಾನು ಅಷ್ಟು ಅಂದಾಗ, “ಮಕ್ಕಳನ್ನ ಹತ್ತಿರ ಸೇರಿಸದೆ ಇದ್ದೋಳು ನೀನು” ಎಂದು ಒಂದೇ ಮಾತು ತಿರುಗಿಸಿ ಆಡಿದ್ದರೆ ನಾನು ಅಲ್ಲೇ ಕುಸಿಯುತ್ತಿದ್ದೆ. ನಿಮ್ಮ ನಾಲಿಗೆಯ ತುದಿಯಲ್ಲಿತ್ತು. ಅದನ್ನು ನುಂಗಿಕೊಂಡು ಡಬ್ಬಿ ಇಟ್ಟು ಹೋದಿರಿ.

ಅಷ್ಟಕ್ಕೇ ಮುಗಿಯಲಿಲ್ಲ. ನಿಮ್ಮ ಫಾರಮ್ಮಿನ ಇನ್ನೊಂದು ಉತ್ತರ ತೋರಿಸಿ ಇದು ನಿಜವೇ ಎಂದು ಕೇಳಿದರು. ‘ಕೆಲಸದ ಬಟ್ಟೆಯಲ್ಲಿ ಮನೆಗೆ ಬರುತ್ತಿದ್ದಿರಾ?’ ಡಬ್ಬಿಗಳ ಮೇಲೆ ಬರೆಯುವ ನಿಮ್ಮ ಓರೆ ಅಕ್ಷರ: ‘ಹೌದು, ಪ್ರತಿದಿನ.’ ಎಂಥಾ ಹಸಿ ಸುಳ್ಳು. ಒಂದು ದಿನವೂ ನೀವು ಹಾಗೆ ಬಂದವರಲ್ಲ. ಅಂಗಡಿಯ ಹಿಂದಿನ ನಲ್ಲಿಯಲ್ಲಿ ಸ್ನಾನ ಮಾಡಿ, ಬೇರೆ ಅಂಗಿ ಹಾಕಿಕೊಂಡು, ಒದ್ದೆ ತಲೆಯಲ್ಲಿ ಬರುತ್ತಿದ್ದಿರಿ. ಚಳಿಗಾಲದಲ್ಲಿ ಶೀತವಾಗುತ್ತದೆಂದು ನಾನು ಬೈಯುತ್ತಿದ್ದೆ. ನನ್ನನ್ನು ಉಳಿಸಲು ಒಂದು ಸುಳ್ಳು, ನಿಮ್ಮನ್ನು ಸಿಕ್ಕಿಸಿಕೊಳ್ಳಲು ಒಂದು ಸುಳ್ಳು. ಹದಿನಾರು ತಿಂಗಳು ನನ್ನ ಮಾತನ್ನೇ ಸತ್ಯ ಮಾಡಲು ಹೊರಟಿದ್ದಿರಿ.

ಎಲ್ಲವನ್ನೂ ಅವರಿಗೆ ಹೇಳಿಬಿಟ್ಟೆ. ಹೇಳುವಾಗ ಬಟಾಣಿಯನ್ನು ಅಂಗಳಕ್ಕೆ ಕಳಿಸಿದ್ದೆ. ಕೊನೆಗೆ ಕೇಳಿದೆ, ಯಾರ ತಪ್ಪು ಎಂದು. ಅವರು ನಗಲಿಲ್ಲ, ಸಮಾಧಾನದ ಮಾತೂ ಆಡಲಿಲ್ಲ. ಲೆಕ್ಕದ ಮೇಷ್ಟ್ರ ಹಾಗೆ ವಿವರಿಸಿದರು. ಎಷ್ಟೋ ಮಕ್ಕಳಲ್ಲಿ ರಕ್ತಕಣದ ಮೊದಲ ಬದಲಾವಣೆ ಹೊಟ್ಟೆಯಲ್ಲಿರುವಾಗಲೇ ಆಗಿರುತ್ತದಂತೆ. ನೂರು ಕೂಸುಗಳಲ್ಲಿ ಒಂದಕ್ಕೆ ಅದು ಇರಬಹುದು ಎಂದು ಕೆಲವರ ಅಂದಾಜು. ಅಂಥ ನೂರರಲ್ಲಿ ತೊಂಬತ್ತೊಂಬತ್ತು ಮಕ್ಕಳಿಗೆ ಜೀವಮಾನದಲ್ಲಿ ಏನೂ ಆಗುವುದಿಲ್ಲ. ಆ ಒಂದಕ್ಕೆ ಎರಡನೇ ಪೆಟ್ಟು ಯಾಕೆ ಬೀಳುತ್ತದೆ, ಸೋಂಕೋ, ಗಾಳಿಯಲ್ಲಿದ್ದ ಯಾವುದೋ ವಸ್ತುವೋ, ಎರಡೂ ಸೇರಿಯೋ, ಬರೀ ಆಕಸ್ಮಿಕವೋ, ಇನ್ನೂ ಗೊತ್ತಿಲ್ಲ. ‘ಇನ್ನೂ ಗೊತ್ತಿಲ್ಲ’ ಎಂಬುದನ್ನು ಅವರಷ್ಟು ಉತ್ಸಾಹದಿಂದ ಹೇಳುವವರನ್ನು ನಾನು ನೋಡಿಲ್ಲ. ನಮ್ಮ ಡೈರಿಯಲ್ಲಿ ಹಾಗೆಂದರೆ ಮೆಮೊ ಕೊಡುತ್ತಾರೆ.

ಆಮೇಲೆ ಅವರು ಹೇಳಿದ್ದನ್ನು ಹಾಗೇ ಬರೆಯುತ್ತೇನೆ: “ಸಾವಿರ ಮನೆ ಸೇರಿಸಿ ನೋಡಿದ್ರೆ ಒಂದು ದಾರಿ ಕಾಣಬಹುದು. ಒಂದೇ ಮನೆ ನೋಡಿ ಈ ಮಗೂಗೆ ಯಾಕೆ ಬಂತು ಅಂತ ನಾನೂ ಹೇಳೋಕಾಗಲ್ಲ, ನಿಮ್ಮ ಡಾಕ್ಟರೂ ಹೇಳೋಕಾಗಲ್ಲ. ನೀವಿಬ್ರೂ ಒಂದೇ ಮನೆ ನೋಡಿ ತೀರ್ಪು ಕೊಟ್ಕೊಂಡು ಕೂತಿದೀರ. ನಾವು ಹುಡುಕ್ತಿರೋದು ತಪ್ಪು ಮಾಡಿದೋರನ್ನಲ್ಲ. ಮುಂದೆ ಹುಟ್ಟೋ ಮಕ್ಕಳಿಗೆ ಬರದ ಹಾಗೆ ಏನು ಮಾಡಬಹುದು ಅಂತ. ಅದಕ್ಕೆ ನಿಮ್ಮ ಪಶ್ಚಾತ್ತಾಪ ಬೇಡ, ನಿಜ ಬೇಕು.”

ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಇಷ್ಟು ಒಳ್ಳೆಯ ರೀತಿಯಲ್ಲಿ ಬೈದಿಲ್ಲ.

ಥಿನ್ನರನ್ನು ಅವರು ಪೂರ್ತಿ ಬಿಟ್ಟುಬಿಟ್ಟಿಲ್ಲ, ಅದನ್ನೂ ಹೇಳಬೇಕು. ಅನುಮಾನದ ಪಟ್ಟಿಯಲ್ಲಿ ಅದು ಇದೆ. ದೊಡ್ಡವರ ಆರೋಗ್ಯಕ್ಕೂ ಅದು ಒಳ್ಳೆಯದಲ್ಲ, ಕಿಟಕಿ ತೆರೆದು, ಮುಖಕ್ಕೆ ಕವಚ ಹಾಕಿ, ಕೈಗೆ ಗ್ಲೌಸು ಹಾಕಿ ಕೆಲಸ ಮಾಡಬೇಕು ಎಂದರು. ಆದರೆ ನೇಣು ಹಾಕುವಷ್ಟು ಸಾಕ್ಷಿ ಇಲ್ಲವಂತೆ, ಅದಕ್ಕೂ ಇಲ್ಲ, ನನ್ನ ಸೋಪಿಗೂ ಇಲ್ಲ. ನೀವು ಮತ್ತೆ ಬ್ರಷ್ ಹಿಡಿದರೆ ನನಗೆ ಸಂತೋಷ. ಕವಚ ನಾನೇ ಹೊಲಿಸಿಕೊಡುತ್ತೇನೆ, ಟೈಲರ್ ಹತ್ತಿರವೇ.

ಅವಳಿಗಳ ಕಥೆ ಇನ್ನೂ ಇದೆ. ಶನಿವಾರ ಅಂಗಳಕ್ಕೆ ಕಳಿಸಿದ್ದೆನಲ್ಲ, ಅಲ್ಲಿ ಅವೆರಡೂ ಬಂದು ಗೇಟಿಗೆ ಜೋತುಬಿದ್ದಿದ್ದವು. ಮೂಗು ಎಂದಿನಂತೆ ಎರಡು ನಲ್ಲಿಗಳು. ಪ್ರಶ್ನೆ ಮೇಡಂ ಹೋದ ಮೇಲೆ ಇವುಗಳ ಜೊತೆ ಆಡಲು ಬಿಡಬಹುದೇ ಎಂದು ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ, ಆಮೇಲೆ ಹೋಗಿ ಗೇಟು ತೆಗೆದೆ. ಒಳಗೆ ಬಂದು ನಿಮ್ಮ ಮರದ ಬಸ್ಸಿಗೆ ಆನೆಯನ್ನು ಹತ್ತಿಸಿ ಇಡೀ ಸಂಜೆ ಗದ್ದಲ ಮಾಡಿದವು. ಸೋಮವಾರ ಸಂಜೆ ಬಟಾಣಿ ಸೀನಿದಳು. ಮತ್ತೆ ಡಾಕ್ಟರಿಗೆ ಫೋನ್ ಮಾಡಿದೆ. “ಜ್ವರ ಬಂದ್ರೆ ತಕ್ಷಣ ಕರ್ಕೊಂಡು ಬನ್ನಿ, ಬರದೇ ಇದ್ರೆ ಅದು ಬರೀ ನೆಗಡಿ” ಎಂದರು ಡಾಕ್ಟರು. ಥರ್ಮಾಮೀಟರನ್ನು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ ಕೂತೆ. ಜ್ವರ ಬರಲಿಲ್ಲ. ಇವತ್ತು ಬೆಳಿಗ್ಗೆ ಮೂಗು ಸೋರುವುದೂ ನಿಂತಿದೆ. ನೆಗಡಿ ಎಂದರೆ ಬರೀ ನೆಗಡಿಯಾಗಿರುವುದು ಎಷ್ಟು ದೊಡ್ಡ ಭಾಗ್ಯ ಎಂದು ನನಗೆ ಗೊತ್ತಿರಲಿಲ್ಲ.

ಕ್ಷಮಿಸಿ ಎಂದು ಬರೆಯಲು ಇಷ್ಟು ಪುಟ ಬೇಕಾಯಿತು. ಕ್ಷಮಿಸಿ. ನನ್ನ ಭಯವನ್ನು ನಿಮ್ಮ ತಲೆಗೆ ಕಟ್ಟಿದೆ. ನೀವು ಅದನ್ನು ಹೊತ್ತುಕೊಂಡು ಹೋದಿರಿ, ಬಸ್ ಸ್ಟ್ಯಾಂಡಿನವರೆಗೆ ಯಾರದೋ ಲಗೇಜು ಹೊತ್ತ ಹಾಗೆ, ಕೇಳದೆ, ಗೊಣಗದೆ. ನೀವು ಅವತ್ತು ಜಗಳವಾಡಿದ್ದರೆ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ. ಬಂದು ಜಗಳವಾಡಿ, ನಾನು ಕೇಳಿಸಿಕೊಳ್ಳುತ್ತೇನೆ.

ಬುಧವಾರ ಬೆಳಿಗ್ಗೆ ಹತ್ತಕ್ಕೆ ಮಾತ್ರೆ. ಅದನ್ನು ಅಪ್ಪನ ಕೈಯಿಂದಲೇ ತೆಗೆದುಕೊಳ್ಳುತ್ತೇನೆಂದು ಬಟಾಣಿ ಹಟ ಹಿಡಿದಿದ್ದಾಳೆ, ಇಲ್ಲದಿದ್ದರೆ ನುಂಗುವುದಿಲ್ಲವಂತೆ. ಎರಡೂವರೆ ವರ್ಷದ ಔಷಧಿ ನಿಮ್ಮಿಂದ ಕೆಟ್ಟಿತು ಅನ್ನಿಸಿಕೊಳ್ಳಬೇಡಿ. ಹದಿನಾರಕ್ಕೆ, ಶನಿವಾರ, ಪ್ರಶ್ನೆ ಮೇಡಂ ಹೊಸ ಫಾರಂ ತರುತ್ತಾರೆ. ಇಬ್ಬರೂ ಒಂದೇ ಮೇಜಿಗೆ ಕೂತು ನಿಜ ಬರೆಯಬೇಕೆಂದು ಆಜ್ಞೆಯಾಗಿದೆ. ಆದ್ದರಿಂದ ಶನಿವಾರದವರೆಗಾದರೂ ಉಳಿಯುವಷ್ಟು ಬಟ್ಟೆ ತನ್ನಿ. ಅವಳ ಮಂಚದ ಒಂದು ಕಾಲೂ ಅಲುಗುತ್ತಿದೆ. ಬರುವಾಗ ಬಾಗಿಲಲ್ಲಿ ಕೈ ತೊಳೆದುಕೊಳ್ಳಿ, ಬೋಗುಣಿ ಇನ್ನೂ ಅಲ್ಲೇ ಇದೆ. ನಾನು ಅಷ್ಟೊಂದೇನೂ ಬದಲಾಗಿಲ್ಲ.

ಊಟದ ಬಿಡುವು ಮುಗಿದು ಎಷ್ಟೋ ಹೊತ್ತಾಯಿತು. ಕೊಳವೆಗಳು ಕುದಿಯುತ್ತಿವೆ.

ನಿಮ್ಮ
ಲ್ಯಾಬ್ ಮೇಡಂ

ಮರೆತದ್ದು: ಪ್ರಶ್ನೆ ಮೇಡಂ ನನ್ನ ಫಾರಮ್ಮಿನಲ್ಲಿ ಇನ್ನೊಂದು ಸುಳ್ಳನ್ನೂ ಹಿಡಿದರು. ಎಂಬತ್ತೆಂಟಲ್ಲ, ಮೊದಲನೇ ಪ್ರಶ್ನೆಯಲ್ಲೇ. ‘ಈಗ ಮನೆಯಲ್ಲಿ ವಾಸವಿರುವವರು ಎಷ್ಟು ಜನ?’ ನೀವು ಹೋಗಿ ಆಗಲೇ ನಾಲ್ಕು ತಿಂಗಳಾಗಿತ್ತು, ನಾನು ಮೂರು ಎಂದು ಬರೆದಿದ್ದೆ. ಅವರು ಅದನ್ನು ಹೊಡೆದು ಎರಡು ಮಾಡಲು ಪೆನ್ನು ತೆಗೆದರು. ಬುಧವಾರದವರೆಗೆ ಹಾಗೇ ಬಿಡಿ ಎಂದು ಕೇಳಿಕೊಂಡಿದ್ದೇನೆ.